ಕಣ್ಣಿನೊಳಗಿನ ಸೋಂಕು: ಮೊದಲ 24 ಗಂಟೆಗಳಲ್ಲಿ ಮಾಡಬೇಕಾದದ್ದು

ಪೊರೆಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದ ಹಿರಿಯರೊಬ್ಬರು ಎರಡನೆಯ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ಓದುತ್ತಾರೆ. ನಾಲ್ಕನೆಯ ದಿನ ಅದೇ ಕ್ಯಾಲೆಂಡರು ಮಂಜಿನ ಹಿಂದೆ ಇದ್ದಂತೆ ಕಾಣುತ್ತಿದೆ ಎನ್ನುತ್ತಾರೆ. ಮನೆಯವರು “ಆಪರೇಷನ್ ಆದ ಕಣ್ಣಲ್ಲವೇ, ಸ್ವಲ್ಪ ದಿನ ಹೀಗೇ ಇರುತ್ತದೆ” ಎಂದು ಸಮಾಧಾನ ಹೇಳಿ, ಮುಂದಿನ ವಾರದ ತಪಾಸಣೆಯ ದಿನಕ್ಕಾಗಿ ಕಾಯುತ್ತಾರೆ. ಈ ಮಾರ್ಗದರ್ಶಿಯನ್ನು ಬರೆಯುತ್ತಿರುವುದು ಆ ಕಾಯುವಿಕೆಯನ್ನು ತಪ್ಪಿಸುವುದಕ್ಕಾಗಿ. ಶಸ್ತ್ರಚಿಕಿತ್ಸೆಯಾದ ಕಣ್ಣಿನ ದೃಷ್ಟಿ ದಿನದಿಂದ ದಿನಕ್ಕೆ ತಿಳಿಯಾಗುತ್ತ ಹೋಗಬೇಕು; ಒಮ್ಮೆ ತಿಳಿಯಾದದ್ದು ಮತ್ತೆ ಮಸುಕಾದರೆ ಅದನ್ನು ಸಹಜವೆಂದು ಬಿಡಲಾಗದು, ಅಂದೇ ವೈದ್ಯರನ್ನು ಕಾಣಬೇಕು.

ಕಣ್ಣುಗುಡ್ಡೆಯ ಒಳಗನ್ನು ತುಂಬಿಕೊಂಡಿರುವ, ಮೊಟ್ಟೆಯ ಬಿಳಿಯಂತೆ ಲೋಳೆಯಾದ ಪಾರದರ್ಶಕ ವಸ್ತುವಿಗೆ ವಿಟ್ರಿಯಸ್ ಎಂದು ಹೆಸರು. ಅದು ಸುಮಾರು 4 ಮಿಲಿಲೀಟರಿನಷ್ಟಿರುತ್ತದೆ, ಅಂದರೆ ಒಂದು ಟೀ ಚಮಚ ತುಂಬುವಷ್ಟೂ ಇಲ್ಲ. ಅದರಲ್ಲಿ ರಕ್ತನಾಳಗಳಿಲ್ಲದಿರುವುದರಿಂದಲೇ ಬೆಳಕು ತಡೆಯಿಲ್ಲದೆ ಹಾದು ರೆಟಿನಾವನ್ನು, ಅಂದರೆ ಕಣ್ಣಿನ ಹಿಂಬದಿಯ ಅಕ್ಷಿಪಟಲವನ್ನು, ಮುಟ್ಟುತ್ತದೆ. ಆದರೆ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಅಲ್ಲಿಗೆ ಹೊಕ್ಕಾಗ ಇದೇ ಅನುಕೂಲವು ತೊಡಕಾಗುತ್ತದೆ: ದೇಹದ ರಕ್ಷಣಾ ಕೋಶಗಳು ಅಲ್ಲಿಗೆ ತಡವಾಗಿ ತಲುಪುತ್ತವೆ, ತಲುಪಿದ ಮೇಲೆ ಕೀವನ್ನು ಉಂಟುಮಾಡಿ ಪಕ್ಕದಲ್ಲೇ ಇರುವ ರೆಟಿನಾವನ್ನೂ ಸುಡುತ್ತವೆ, ಮತ್ತು ನಾಶವಾದ ರೆಟಿನಾದ ಕೋಶಗಳು ಮರಳಿ ಹುಟ್ಟುವುದಿಲ್ಲ. ಈ ಸ್ಥಿತಿಯನ್ನು ವೈದ್ಯರು ಎಂಡಾಫ್ತಾಲ್ಮೈಟಿಸ್ ಎಂದು ಕರೆಯುತ್ತಾರೆ. ಊರಲ್ಲೆಲ್ಲ ಹಬ್ಬುವ ಮದ್ರಾಸ್ ಐ ಬೇರೆ, ಇದು ಬೇರೆ. ಮದ್ರಾಸ್ ಐ ಕಣ್ಣಿನ ಹೊರಪೊರೆಗೆ ತಗಲುವ ಸೋಂಕು. ಪಿಸುರು ಒರೆಸಿದರೆ ಸಾಮಾನ್ಯವಾಗಿ ದೃಷ್ಟಿ ಮೊದಲಿನಂತೆಯೇ ಇರುತ್ತದೆ. ಒಳಗಿನ ಸೋಂಕಿನಲ್ಲಿ ಒರೆಸಿದರೂ, ತೊಳೆದರೂ ಮಸುಕು ಹೋಗುವುದಿಲ್ಲ.

ಸೋಂಕು ಒಳಗೆ ಹೋಗುವ ದಾರಿಗಳು ಮುಖ್ಯವಾಗಿ ಮೂರು. ಪೊರೆಯ ಶಸ್ತ್ರಚಿಕಿತ್ಸೆ ಅಥವಾ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದಿನ ನಂತರ ಬರುವುದು ಮೊದಲನೆಯದು, ಕಣ್ಣು ಒಡೆಯುವಂಥ ಪೆಟ್ಟಿನಿಂದ ಬರುವುದು ಎರಡನೆಯದು, ದೇಹದ ಇನ್ನಾವುದೋ ಭಾಗದ ಸೋಂಕು ರಕ್ತದ ಮೂಲಕ ಕಣ್ಣನ್ನು ಸೇರುವುದು ಮೂರನೆಯದು. ಇವಲ್ಲದೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಹುಣ್ಣು ಆಳಕ್ಕಿಳಿದು ಒಳಗೆ ಹಬ್ಬುವುದೂ ಉಂಟು. ಮೊದಲನೆಯದನ್ನೇ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಪೊರೆಯ ಶಸ್ತ್ರಚಿಕಿತ್ಸೆ ಇಂದು ಹೆಚ್ಚುಕಡಿಮೆ ಪ್ರತಿ ಮನೆಯ ಮಾತಾಗಿದೆ.

ಮೊದಲ ಹೆಜ್ಜೆ: ಮನೆಯಲ್ಲಿ ಗುರುತಿಸುವುದು

ಶಸ್ತ್ರಚಿಕಿತ್ಸೆಯ ನಂತರದ ಮೊದಲ ಎರಡು ವಾರಗಳ ಕಾಲ ಪ್ರತಿದಿನ ಬೆಳಿಗ್ಗೆ ಒಂದೇ ಜಾಗದಲ್ಲಿ ಕುಳಿತು, ಶಸ್ತ್ರಚಿಕಿತ್ಸೆಯಾಗದ ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿ, ಗೋಡೆಯ ಮೇಲಿನ ಒಂದೇ ವಸ್ತುವನ್ನು ನೋಡಬೇಕು. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ಮರೆಮಾಡಿಬಿಡುತ್ತದೆ. ಎಷ್ಟೋ ರೋಗಿಗಳು ತಡವಾಗಿ ಬರುವುದಕ್ಕೆ ಇದೂ ಒಂದು ಕಾರಣ. ಅಕ್ಷರ ಓದಲಾಗುತ್ತದೆಯೇ, ಓದಲಾಗದಿದ್ದರೆ ಎದುರಿನವರ ಬೆರಳುಗಳನ್ನು ಎಣಿಸಲಾಗುತ್ತದೆಯೇ, ಅದೂ ಆಗದಿದ್ದರೆ ಕೈ ಆಡಿಸುವುದು ಕಾಣುತ್ತದೆಯೇ, ಕೊನೆಗೆ ಟಾರ್ಚಿನ ಬೆಳಕಾದರೂ ಗೊತ್ತಾಗುತ್ತದೆಯೇ ಎಂಬ ಈ ನಾಲ್ಕು ಮೆಟ್ಟಿಲುಗಳನ್ನು ನೆನಪಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಚಿಕಿತ್ಸೆಯ ಆಯ್ಕೆಯೂ ಇದೇ ಮೆಟ್ಟಿಲುಗಳ ಮೇಲೆ ನಿಂತಿದೆ ಎಂಬುದನ್ನು ಮುಂದೆ ನೋಡಲಿದ್ದೀರಿ.

ದೃಷ್ಟಿ ಇಳಿಯುವುದರ ಜೊತೆಗೆ ನೋವು, ಹೆಚ್ಚುತ್ತಿರುವ ಕೆಂಪು, ಬೆಳಕಿಗೆ ಕಣ್ಣು ಬಿಡಲಾಗದಿರುವುದು, ರೆಪ್ಪೆಯ ಊತ, ಕಣ್ಣ ಮುಂದೆ ಹೊಸದಾಗಿ ತೇಲುವ ಕಪ್ಪು ಎಳೆಗಳು ಕಾಣಿಸಿಕೊಳ್ಳಬಹುದು. ಕಣ್ಣಿನ ಬಣ್ಣದ ಭಾಗದ ತಳದಲ್ಲಿ ಬಿಳಿಯ ಅಥವಾ ಹಳದಿ ಮಿಶ್ರಿತ ಬಿಳಿಯ ಪದರವೊಂದು ಲೋಟದ ತಳದಲ್ಲಿ ಗಸಿ ಕೂತಂತೆ ಕಂಡರೆ ಅದು ಕೀವು. ಅದಕ್ಕೆ ಹೈಪೋಪಿಯಾನ್ ಎನ್ನುತ್ತಾರೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನೋವಿಲ್ಲ ಎಂಬ ಕಾರಣಕ್ಕೆ ಸುಮ್ಮನಿರುವುದು ತಪ್ಪು. ಅಮೆರಿಕದಲ್ಲಿ 420 ರೋಗಿಗಳ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಎಂಡಾಫ್ತಾಲ್ಮೈಟಿಸ್ ವಿಟ್ರೆಕ್ಟಮಿ ಸ್ಟಡಿ ಎಂಬ ಅಧ್ಯಯನದಲ್ಲಿ ಸುಮಾರು ನಾಲ್ಕರಲ್ಲೊಬ್ಬ ರೋಗಿಗೆ ನೋವೇ ಇರಲಿಲ್ಲ, ಆದರೆ ಹೆಚ್ಚುಕಡಿಮೆ ಎಲ್ಲರಿಗೂ ದೃಷ್ಟಿ ಮಸುಕಾಗಿತ್ತು. ಆದ್ದರಿಂದ ನೋವಿಗಿಂತ ದೃಷ್ಟಿಯನ್ನೇ ಹೆಚ್ಚು ನಂಬಬೇಕು.

ಈ ಸೋಂಕು ಹೆಚ್ಚಾಗಿ ಮೊದಲ ಒಂದು ವಾರದೊಳಗೆ ತಲೆದೋರುತ್ತದೆ. ಸ್ಟ್ರೆಪ್ಟೋಕಾಕಸ್, ಸ್ಯೂಡೋಮೊನಾಸ್‌ಗಳಂಥ ಉಗ್ರ ಬ್ಯಾಕ್ಟೀರಿಯಾಗಳು ಒಂದೆರಡು ದಿನಗಳಲ್ಲೇ ಕಣ್ಣನ್ನು ಹಾಳುಗೆಡವಬಲ್ಲವು. ಇದಕ್ಕೆ ವ್ಯತಿರಿಕ್ತವಾಗಿ, ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಮಂದಗತಿಯ ಬ್ಯಾಕ್ಟೀರಿಯಾ ಮತ್ತು ಕೆಲವು ಶಿಲೀಂಧ್ರಗಳು ವಾರಗಳು, ತಿಂಗಳುಗಳು ಕಳೆದ ಮೇಲೆ ಹೊರಬರುತ್ತವೆ. ಸ್ಟೀರಾಯ್ಡ್ ಹನಿ ಹಾಕಿದಾಗ ಕಡಿಮೆಯಾಗಿ, ನಿಲ್ಲಿಸಿದೊಡನೆ ಮರುಕಳಿಸುವ ಉರಿಯೂತ ಅವುಗಳ ಲಕ್ಷಣ. ಆಪರೇಷನ್ ಆಗಿ ಆರು ತಿಂಗಳಾಯಿತು, ಇನ್ನೇನು ಸೋಂಕು ಎಂದು ಹೇಳಿಬಿಡುವಂತಿಲ್ಲ.

ಎರಡನೆಯ ಹೆಜ್ಜೆ: ಆ ಗಂಟೆಯಲ್ಲಿ ಮಾಡಬೇಕಾದದ್ದು, ಮಾಡಬಾರದ್ದು

ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಕೂಡಲೇ ಫೋನ್ ಮಾಡಿ, “ನಿನ್ನೆ ಕಾಣುತ್ತಿತ್ತು, ಇಂದು ಕಾಣುತ್ತಿಲ್ಲ” ಎಂಬ ವಾಕ್ಯವನ್ನು ಸ್ಪಷ್ಟವಾಗಿ ಹೇಳಿ. “ಕಣ್ಣು ಕೆಂಪಾಗಿದೆ” ಎಂದಷ್ಟೇ ಹೇಳಿದರೆ ಫೋನಿನ ಆಚೆ ಇರುವವರು ಹನಿ ಮುಂದುವರಿಸಿ ಎಂದುಬಿಡಬಹುದು. ಭಾನುವಾರವೆಂದೋ ಹಬ್ಬವೆಂದೋ ಅವರು ಸಿಗದಿದ್ದರೆ ರೆಟಿನಾ ತಜ್ಞರಿರುವ ಆಸ್ಪತ್ರೆಗೆ ನೇರವಾಗಿ ಹೋಗುವುದು ಮೇಲು. ಕರ್ನಾಟಕದಲ್ಲಿ ವೈದ್ಯಕೀಯ ಕಾಲೇಜುಗಳ ನೇತ್ರ ವಿಭಾಗಗಳು ಮತ್ತು ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಂಥ ಸರ್ಕಾರಿ ಸಂಸ್ಥೆಗಳು ಇಂಥ ರೋಗಿಗಳನ್ನು ನೋಡುತ್ತವೆ. ತಾಲ್ಲೂಕಿನಿಂದ ಹೊರಡುವ ಮುಂಚೆ ಫೋನ್ ಮಾಡಿ, ಕಣ್ಣಿನೊಳಗೆ ಚುಚ್ಚುಮದ್ದು ಕೊಡುವ ಸೌಲಭ್ಯ ಇಂದೇ ಸಿಗುತ್ತದೆಯೇ ಎಂದು ಕೇಳಿಕೊಂಡರೆ ಅಲೆದಾಟ ತಪ್ಪುತ್ತದೆ. ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಚೀಟಿ, ಹಾಕುತ್ತಿರುವ ಹನಿಗಳ ಬಾಟಲಿಗಳು, ಸಕ್ಕರೆ ಕಾಯಿಲೆ ಹಾಗೂ ರಕ್ತದೊತ್ತಡದ ಮಾತ್ರೆಗಳು, ಆಯುಷ್ಮಾನ್ ಕಾರ್ಡು ಇವೆಲ್ಲ ಜೊತೆಗಿರಲಿ. ಶಸ್ತ್ರಕ್ರಿಯೆ ಬೇಕಾಗಬಹುದಾದ್ದರಿಂದ, ಸಕ್ಕರೆ ಕಾಯಿಲೆಯಿಲ್ಲದವರು ದಾರಿಯಲ್ಲಿ ಹೊಟ್ಟೆ ತುಂಬ ಊಟ ಮಾಡದಿರುವುದು ಒಳ್ಳೆಯದು. ಸಕ್ಕರೆ ಕಾಯಿಲೆಯಿರುವವರು ಇದನ್ನು ಫೋನಿನಲ್ಲೇ ವೈದ್ಯರಿಂದ ಕೇಳಿ ತಿಳಿಯಬೇಕು.

ಮಾಡಬಾರದ್ದರಲ್ಲಿ ಮೊದಲನೆಯದು, ಔಷಧದ ಅಂಗಡಿಯಿಂದ ತಾವೇ ಸ್ಟೀರಾಯ್ಡ್ ಹನಿ ತಂದು ಹಾಕುವುದು. ಅದು ಕೆಂಪನ್ನು ಒಂದು ದಿನ ಕಡಿಮೆ ಮಾಡಿ ಎಲ್ಲರನ್ನೂ ನಂಬಿಸುತ್ತದೆ, ಶಿಲೀಂಧ್ರವಿದ್ದರೆ ಅದಕ್ಕೆ ಗೊಬ್ಬರವಾಗುತ್ತದೆ. ಎರಡನೆಯದು ಎದೆಹಾಲು, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ ಇತ್ಯಾದಿಗಳನ್ನು ಕಣ್ಣಿಗೆ ಬಿಡುವುದು. ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆಂಬುದು ನಿಜ, ಅವರ ಮಾತನ್ನು ತೆಗೆದುಹಾಕುವುದು ಕಷ್ಟವೆಂಬುದೂ ನಿಜ. ಆದರೆ ಇನ್ನೂ ಮಾಯದ ಗಾಯವಿರುವ ಕಣ್ಣಿಗೆ ಕ್ರಿಮಿಶುದ್ಧವಲ್ಲದ ಯಾವ ದ್ರವವೂ ಹೋಗಬಾರದು.

ಮೂರನೆಯ ಹೆಜ್ಜೆ: ಆಸ್ಪತ್ರೆಯಲ್ಲಿ ರೋಗ ನಿರ್ಣಯ

ವೈದ್ಯರು ಮೊದಲು ಎರಡೂ ಕಣ್ಣುಗಳ ದೃಷ್ಟಿಯನ್ನು ಬೇರೆಬೇರೆಯಾಗಿ ಅಳೆಯುತ್ತಾರೆ, ನಂತರ ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ಗಾಯ ಸೋರುತ್ತಿದೆಯೇ, ಕೀವು ಇದೆಯೇ, ಕೃತಕ ಮಸೂರದ ಸುತ್ತ ಬಿಳಿ ಪದರವಿದೆಯೇ ಎಂದು ನೋಡುತ್ತಾರೆ. ಒಳಗಿನ ಮಬ್ಬಿನಿಂದ ರೆಟಿನಾ ಕಾಣದಿದ್ದರೆ ಮುಚ್ಚಿದ ರೆಪ್ಪೆಯ ಮೇಲಿಂದ ಬಿ-ಸ್ಕ್ಯಾನ್ ಎಂಬ ಅಲ್ಟ್ರಾಸೌಂಡ್ ಮಾಡಿ, ವಿಟ್ರಿಯಸ್ಸಿನಲ್ಲಿ ಕೀವು ಎಷ್ಟಿದೆ, ರೆಟಿನಾ ಕಳಚಿದೆಯೇ ಎಂಬುದನ್ನು ತಿಳಿಯುತ್ತಾರೆ.

ಇಲ್ಲಿ ಒಂದು ಗೊಂದಲ ಎದುರಾಗುವುದುಂಟು. ಶಸ್ತ್ರಚಿಕಿತ್ಸೆಯ ವೇಳೆ ಬಳಸಿದ ದ್ರವ ಅಥವಾ ಉಪಕರಣಗಳಲ್ಲಿನ ರಾಸಾಯನಿಕ ಶೇಷಕ್ಕೆ ಕಣ್ಣು ಸಿಡಿದೆದ್ದು, ಸೋಂಕಿಲ್ಲದೆಯೇ ಹೈಪೋಪಿಯಾನ್ ಬರಬಹುದು. ಇದನ್ನು ಟಾಸ್ ಎಂದು ಸಂಕ್ಷಿಪ್ತವಾಗಿ ಕರೆಯುತ್ತಾರೆ. ಅದು ಸಾಮಾನ್ಯವಾಗಿ 12ರಿಂದ 48 ಗಂಟೆಗಳೊಳಗೆ ಬರುತ್ತದೆ, ನೋವು ಕಡಿಮೆಯಿರುತ್ತದೆ, ಕಾರ್ನಿಯಾ ಅಂಚಿನಿಂದ ಅಂಚಿಗೆ ಊದಿಕೊಂಡಿರುತ್ತದೆ, ವಿಟ್ರಿಯಸ್ ಮಾತ್ರ ಬಹುಪಾಲು ತಿಳಿಯಾಗಿರುತ್ತದೆ, ಸ್ಟೀರಾಯ್ಡಿನಿಂದ ಇಳಿಯುತ್ತದೆ. ಅನುಮಾನವಿದ್ದಾಗ ರೋಗಿಯನ್ನು ಮನೆಗೆ ಕಳಿಸದೆ ಕೆಲವೇ ಗಂಟೆಗಳ ಅಂತರದಲ್ಲಿ ಮತ್ತೆ ಪರೀಕ್ಷಿಸುವುದು, ಅನುಮಾನ ಉಳಿದರೆ ಸೋಂಕೆಂದೇ ಭಾವಿಸಿ ಚಿಕಿತ್ಸೆ ಆರಂಭಿಸುವುದು ಸರಿಯಾದ ಕ್ರಮ.

ಸೋಂಕನ್ನು ಖಚಿತಪಡಿಸಲು ವಿಟ್ರಿಯಸ್ಸಿನಿಂದ ಒಂದೆರಡು ಹನಿಯಷ್ಟು ಮಾದರಿಯನ್ನು ತೆಗೆಯುತ್ತಾರೆ. ಅದರ ಒಂದಂಶವನ್ನು, ಬ್ಯಾಕ್ಟೀರಿಯಾಗಳನ್ನು ಪಾಸಿಟಿವ್, ನೆಗೆಟಿವ್ ಎಂಬ ಎರಡು ಗುಂಪುಗಳಾಗಿ ತೋರಿಸುವ ಗ್ರಾಂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂದೇ ಒಂದು ಸುಳಿವು ಸಿಗಬಹುದು. ಇನ್ನೊಂದಂಶವನ್ನು ಬ್ಲಡ್ ಅಗರ್, ಚಾಕೊಲೇಟ್ ಅಗರ್, ಶಿಲೀಂಧ್ರಕ್ಕೆಂದು ಸಬೊರಾಡ್ ಅಗರ್ ಮೊದಲಾದ ಮಾಧ್ಯಮಗಳಲ್ಲಿ ಬೆಳೆಸುತ್ತಾರೆ. ಭಾರತದಲ್ಲಿ ಶಿಲೀಂಧ್ರದ ಪಾಲು ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚಾಗಿರುವುದರಿಂದ ಶಿಲೀಂಧ್ರದ ಪರೀಕ್ಷೆಯನ್ನು ಬಿಟ್ಟುಬಿಡುವಂತಿಲ್ಲ. ಹೀಗೆ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ವರದಿ ಬರಲು ದಿನಗಳು ಬೇಕು, ಎಷ್ಟೋ ಬಾರಿ ಏನೂ ಬೆಳೆಯುವುದೂ ಇಲ್ಲ. ಅಂಥಲ್ಲಿ ಸೂಕ್ಷ್ಮಜೀವಿಯ ಡಿಎನ್ಎಯನ್ನು ಹುಡುಕುವ ಪಿಸಿಆರ್ ಪರೀಕ್ಷೆ ನೆರವಾಗುತ್ತದೆ. ವರದಿಗಾಗಿ ಚಿಕಿತ್ಸೆಯನ್ನು ತಡೆಹಿಡಿಯುವುದಿಲ್ಲ. ಮಾದರಿ ತೆಗೆದ ಅದೇ ಹೊತ್ತಿನಲ್ಲಿ ಔಷಧವನ್ನೂ ಒಳಗೆ ಬಿಡುತ್ತಾರೆ.

ನಾಲ್ಕನೆಯ ಹೆಜ್ಜೆ: ಕಣ್ಣಿನೊಳಗೇ ಔಷಧ

ಕಣ್ಣಿಗೆ ಚುಚ್ಚುತ್ತಾರೆ ಎಂದೊಡನೆ ಮನೆಯವರು ಹಿಂಜರಿಯುತ್ತಾರೆ, ಮಾತ್ರೆಯಲ್ಲೋ ಗ್ಲೂಕೋಸಿನಲ್ಲೋ ಕೊಡಬಾರದೇ ಎಂದು ಕೇಳುತ್ತಾರೆ. ಈ ಪ್ರಶ್ನೆ ನ್ಯಾಯವಾದದ್ದೇ. ರಕ್ತ ಮತ್ತು ರೆಟಿನಾದ ನಡುವೆ ಬಿಗಿಯಾದ ತಡೆಯೊಂದಿದೆ. ನಾಳಕ್ಕೆ ಕೊಟ್ಟ ಹಲವು ಆ್ಯಂಟಿಬಯೋಟಿಕ್‌ಗಳು ಅದನ್ನು ದಾಟಿ ಬೇಕಾದ ಪ್ರಮಾಣದಲ್ಲಿ ವಿಟ್ರಿಯಸ್ಸನ್ನು ತಲುಪುವುದಿಲ್ಲ. ಮೇಲೆ ಹೇಳಿದ 1995ರ ಅಧ್ಯಯನದಲ್ಲಿ ಸೆಫ್ಟಾಜಿಡಿಮ್ ಮತ್ತು ಅಮಿಕಾಸಿನ್‌ಗಳನ್ನು ರಕ್ತನಾಳಕ್ಕೆ ಕೊಟ್ಟವರಿಗೂ ಕೊಡದವರಿಗೂ ಕೊನೆಯ ದೃಷ್ಟಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಔಷಧವನ್ನು ಸೋಂಕಿರುವ ಜಾಗದಲ್ಲೇ ಇಡಬೇಕಾಗುತ್ತದೆ.

ಸಾಮಾನ್ಯವಾಗಿ ಎರಡು ಔಷಧಗಳನ್ನು ಒಟ್ಟಿಗೆ ಕೊಡುತ್ತಾರೆ: ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳಿಗೆ 1 ಮಿಲಿಗ್ರಾಂ ವ್ಯಾಂಕೊಮೈಸಿನ್, ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ 2.25 ಮಿಲಿಗ್ರಾಂ ಸೆಫ್ಟಾಜಿಡಿಮ್, ಪ್ರತಿಯೊಂದೂ 0.1 ಮಿಲಿಲೀಟರಿನಲ್ಲಿ, ಅಂದರೆ ಸುಮಾರು ಎರಡು ಹನಿಯಷ್ಟರಲ್ಲಿ. ಇವೆರಡನ್ನು ಒಂದೇ ಸಿರಿಂಜಿನಲ್ಲಿ ಬೆರೆಸಿದರೆ ಗಟ್ಟಿಯಾಗಿ ತಳಕ್ಕಿಳಿಯುವುದರಿಂದ ಬೇರೆಬೇರೆ ಸಿರಿಂಜುಗಳಲ್ಲಿ ಕೊಡಬೇಕು. ಔಷಧವನ್ನು ದ್ರವದಲ್ಲಿ ಬೆರೆಸಿ ತೆಳುಗೊಳಿಸುವ ಲೆಕ್ಕದಲ್ಲಿ ಒಂದು ದಶಮಾಂಶ ತಪ್ಪಿದರೂ ರೆಟಿನಾಕ್ಕೆ ವಿಷವಾಗಬಹುದು. ಹಾಗಾಗಿ ಲೆಕ್ಕವನ್ನು ಗೋಡೆಗೆ ಅಂಟಿಸಿಟ್ಟು, ಇಬ್ಬರು ಸೇರಿ ಪರಿಶೀಲಿಸುವ ಪದ್ಧತಿ ಪ್ರತಿ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೂ ಇರಬೇಕೆಂಬುದು ನನ್ನ ದೃಢ ಅಭಿಪ್ರಾಯ. ಶಿಲೀಂಧ್ರದ ಅನುಮಾನವಿದ್ದರೆ ವೊರಿಕೊನಜೋಲ್ ಅಥವಾ ಆಂಫೊಟೆರಿಸಿನ್-ಬಿ ಕೊಡುತ್ತಾರೆ. ನಮ್ಮ ದೇಶದಲ್ಲಿ ಸೆಫ್ಟಾಜಿಡಿಮ್‌ಗೆ ಬಗ್ಗದ ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ವರದಿಯಾಗಿರುವುದರಿಂದ, ಕಲ್ಚರಿನ ಜೊತೆಗೆ ಯಾವ ಔಷಧಕ್ಕೆ ಅದು ಮಣಿಯುತ್ತದೆ ಎಂಬ ವರದಿಯನ್ನೂ ಕೇಳಿ ಪಡೆಯುವುದು ಅಗತ್ಯ.

ಚುಚ್ಚುವ ಮುನ್ನ ಕಣ್ಣನ್ನು ಮರಗಟ್ಟಿಸುತ್ತಾರೆ, ಪೊವಿಡೋನ್ ಅಯೋಡಿನ್ ಎಂಬ ಕ್ರಿಮಿನಾಶಕವನ್ನು ಹಾಕುತ್ತಾರೆ. ಉರಿಯೂತವಿರುವ ಕಣ್ಣಾದ್ದರಿಂದ ಸ್ವಲ್ಪ ನೋವು ತಿಳಿಯಬಹುದು, ಆದರೆ ಕೆಲಸ ಕೆಲವೇ ನಿಮಿಷಗಳದ್ದು.

ಐದನೆಯ ಹೆಜ್ಜೆ: ವಿಟ್ರೆಕ್ಟಮಿ ಯಾರಿಗೆ

ಬಿಳಿಗುಡ್ಡೆಯಲ್ಲಿ ಮೂರು ಸಣ್ಣ ರಂಧ್ರಗಳನ್ನು ಮಾಡಿ, ಕೀವು ತುಂಬಿದ ವಿಟ್ರಿಯಸ್ಸನ್ನು ಕತ್ತರಿಸಿ ಹೀರಿ ತೆಗೆಯುವ ಶಸ್ತ್ರಕ್ರಿಯೆ ಇದು. ಬಾವು ಕಟ್ಟಿದಲ್ಲಿ ಕೀವು ಹೊರಹೋಗದೆ ಔಷಧ ನಾಟುವುದಿಲ್ಲ ಎಂಬ ಹಳೆಯ ತಿಳಿವಳಿಕೆಯೇ ಇದರ ಹಿಂದಿದೆ. 1995ರ ಆ ಅಧ್ಯಯನದ ಮುಖ್ಯ ತೀರ್ಮಾನ, ನಾನು ಮೊದಲು ಹೇಳಿದ ಮೆಟ್ಟಿಲುಗಳಿಗೆ ಸಂಬಂಧಿಸಿದ್ದು: ಕೈ ಆಡಿಸುವುದು ಕಾಣುವಷ್ಟು ಅಥವಾ ಅದಕ್ಕಿಂತ ಉತ್ತಮ ದೃಷ್ಟಿ ಉಳಿದಿದ್ದವರಲ್ಲಿ ಚುಚ್ಚುಮದ್ದು ಮಾತ್ರ ಕೊಟ್ಟರೂ, ತಕ್ಷಣ ವಿಟ್ರೆಕ್ಟಮಿ ಮಾಡಿದರೂ ಫಲಿತಾಂಶ ಹೆಚ್ಚುಕಡಿಮೆ ಒಂದೇ ಆಗಿತ್ತು, ಬೆಳಕು ಮಾತ್ರ ತಿಳಿಯುತ್ತಿದ್ದವರಲ್ಲಿ ತಕ್ಷಣದ ವಿಟ್ರೆಕ್ಟಮಿಯಿಂದ ಒಳ್ಳೆಯ ದೃಷ್ಟಿ ಪಡೆದವರ ಪ್ರಮಾಣ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಅಂದರೆ ಬೆರಳು ಎಣಿಸಲಾಗುತ್ತಿದ್ದಾಗಲೇ ಬಂದವರು ಚುಚ್ಚುಮದ್ದಿನಲ್ಲೇ ಮುಗಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಆ ಅಧ್ಯಯನವು ಪೊರೆಯ ಮತ್ತು ಮಸೂರದ ಶಸ್ತ್ರಚಿಕಿತ್ಸೆಯ ನಂತರ ಆರು ವಾರಗಳೊಳಗೆ ಬಂದ ಸೋಂಕಿಗೆ ಮಾತ್ರ ಸೀಮಿತವಾಗಿತ್ತೆಂಬುದನ್ನು ಮರೆಯಬಾರದು. ಪೆಟ್ಟಿನಿಂದ, ಶಿಲೀಂಧ್ರದಿಂದ, ರಕ್ತದ ಮೂಲಕ ಬಂದ ಸೋಂಕುಗಳಿಗೆ ಆ ಗೆರೆಯನ್ನು ಹಾಗೆಯೇ ಅನ್ವಯಿಸಲಾಗದು, ಅಲ್ಲಿ ಅನೇಕ ತಜ್ಞರು ಬೇಗನೆ ವಿಟ್ರೆಕ್ಟಮಿಗೆ ಮುಂದಾಗುತ್ತಾರೆ.

ಚಿಕಿತ್ಸೆಯ ಮೊದಲ ದಿನ ಕಣ್ಣು ಇನ್ನಷ್ಟು ಕೆಟ್ಟಂತೆ ಕಾಣಬಹುದು. ಸತ್ತ ಬ್ಯಾಕ್ಟೀರಿಯಾಗಳೂ ಉರಿಯೂತವನ್ನು ಕೆರಳಿಸುತ್ತವೆ. ಎರಡನೆಯ, ಮೂರನೆಯ ದಿನದ ಹೊತ್ತಿಗೆ ನೋವು ಇಳಿಯುವುದು, ಕೀವಿನ ಪದರ ತಗ್ಗುವುದು ಶುಭಸೂಚನೆ. ಹಾಗಾಗದಿದ್ದರೆ ಮತ್ತೆ ಚುಚ್ಚುಮದ್ದು ಅಥವಾ ವಿಟ್ರೆಕ್ಟಮಿಯ ಬಗ್ಗೆ ತೀರ್ಮಾನಿಸುತ್ತಾರೆ. ಗುಣವಾದ ಮೇಲೂ ವಾರಗಳ ಕಾಲ ರೆಟಿನಾ ಕಳಚುವ ಅಪಾಯವಿದೆ, ಆದ್ದರಿಂದ ಕಣ್ಣ ಮುಂದೆ ಪರದೆ ಇಳಿದಂತಾದರೆ ಅಂದೇ ಹೋಗಬೇಕು.

ಪೆಟ್ಟು ಬಿದ್ದ ಕಣ್ಣು

ಕಲ್ಲು ಒಡೆಯುವಾಗ, ಉಳಿಯ ಮೇಲೆ ಸುತ್ತಿಗೆ ಹೊಡೆಯುವಾಗ ಸಿಡಿದ ಲೋಹದ ಚೂರು, ಜಾಲಿಯ ಮುಳ್ಳು, ಪಟಾಕಿ, ಮಕ್ಕಳ ಕೈಯ ಪೆನ್ಸಿಲು ಇವೆಲ್ಲ ಕಣ್ಣನ್ನು ಚುಚ್ಚಿ ಒಳಗೆ ಮಣ್ಣಿನ ಸೂಕ್ಷ್ಮಜೀವಿಗಳನ್ನು ಬಿಡಬಲ್ಲವು. ಮಣ್ಣಿನಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಒಂದೆರಡು ದಿನಗಳಲ್ಲೇ ಇಡೀ ಕಣ್ಣನ್ನು ನಾಶಮಾಡುವಷ್ಟು ಉಗ್ರವಾದದ್ದು. ಕಣ್ಣನ್ನು ತೊಳೆಯಬೇಡಿ, ಒತ್ತಬೇಡಿ, ಚುಚ್ಚಿಕೊಂಡದ್ದನ್ನು ಕೀಳಬೇಡಿ, ಮುಲಾಮು ಹಚ್ಚಬೇಡಿ. ಕಾಗದದ ಲೋಟದ ತಳಭಾಗವನ್ನು ಕತ್ತರಿಸಿ ತೆಗೆದುಕೊಂಡು, ಅದರ ಅಂಚು ಹುಬ್ಬಿನ ಮತ್ತು ಕೆನ್ನೆಯ ಮೂಳೆಯ ಮೇಲೆ ಕೂರುವಂತೆ, ಕಣ್ಣಿಗೆ ತಾಕದಂತೆ ಟೇಪಿನಿಂದ ಅಂಟಿಸಿ ಹೊರಡಿ. ಅನ್ನ ನೀರು ಬೇಡ, ಏಕೆಂದರೆ ಅರಿವಳಿಕೆ ಕೊಟ್ಟು ಗಾಯ ಹೊಲಿಯಬೇಕಾಗುತ್ತದೆ. ಲೋಹದ ಚೂರಿನ ಅನುಮಾನವನ್ನು ವೈದ್ಯರಿಗೆ ತಿಳಿಸಲೇಬೇಕು, ಅಂಥವರಿಗೆ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ, ಎಂ.ಆರ್.ಐ. ಮಾಡಿದರೆ ಅಯಸ್ಕಾಂತದ ಸೆಳೆತಕ್ಕೆ ಚೂರು ಒಳಗೇ ಚಲಿಸಬಹುದು. ಧನುರ್ವಾಯುವಿನ ಚುಚ್ಚುಮದ್ದನ್ನೂ ಕೇಳಿ. ಕಬ್ಬಿನ ಗರಿ, ಭತ್ತದ ಹೊಟ್ಟು ಕಣ್ಣಿನ ಮೇಲ್ಮೈಯನ್ನು ಗೀರಿದಾಗ ಹೆಚ್ಚಾಗಿ ಶಿಲೀಂಧ್ರದ ಹುಣ್ಣಾಗುತ್ತದೆ. ಅದನ್ನು ಅಲ್ಲಿಯೇ ಗುಣಪಡಿಸಿಕೊಂಡರೆ ಒಳಗಿಳಿಯುವುದಿಲ್ಲ.

ರಕ್ತದ ಮೂಲಕ ಬರುವ ಸೋಂಕು

ಇದನ್ನು ಹಿಡಿಯುವುದು ಕಷ್ಟ, ಏಕೆಂದರೆ ಕಣ್ಣಿಗೆ ಏನೂ ಆಗಿರುವುದಿಲ್ಲ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಮೂತ್ರನಾಳದ ಸೋಂಕು, ಯಕೃತ್ತಿನ ಬಾವು, ಡಯಾಲಿಸಿಸ್, ದೀರ್ಘಕಾಲ ಐಸಿಯುನಲ್ಲಿದ್ದು ಬಂದದ್ದು, ಸ್ಟೀರಾಯ್ಡ್ ಸೇವನೆ ಇವುಗಳ ಹಿನ್ನೆಲೆಯಲ್ಲಿ ಕಣ್ಣು ಕೆಂಪಾಗಿ ಮಸುಕಾದರೆ, ಅದನ್ನು ಬರಿಯ ಉರಿಯೂತವೆಂದು ಸ್ಟೀರಾಯ್ಡ್ ಕೊಟ್ಟುಬಿಡುವ ಅಪಾಯವಿದೆ. ನಮ್ಮ ಹಳ್ಳಿಗಳಲ್ಲಿ ಸುಸ್ತಾಯಿತೆಂದು ಗ್ಲೂಕೋಸ್ ಹಾಕಿಸಿಕೊಳ್ಳುವ ಅಭ್ಯಾಸವಿದೆಯಷ್ಟೆ. ಕಲುಷಿತ ಡೆಕ್ಸ್‌ಟ್ರೋಸ್ ದ್ರಾವಣದಿಂದ ಆರೋಗ್ಯವಂತರಿಗೂ ಕಣ್ಣಿನೊಳಗೆ ಶಿಲೀಂಧ್ರ ಸೋಂಕಾದದ್ದು ಭಾರತದಲ್ಲಿ ವರದಿಯಾಗಿದೆ. ಹಿಂದಿನ ಕೆಲವು ವಾರಗಳಲ್ಲಿ ಬಾಟಲಿ ಏರಿಸಿದ್ದರೆ ಅದನ್ನು ವೈದ್ಯರಿಗೆ ನೀವೇ ಹೇಳಿ. ರಕ್ತ ಮತ್ತು ಮೂತ್ರದ ಕಲ್ಚರ್, ಹೊಟ್ಟೆಯ ಸ್ಕ್ಯಾನ್, ಹೃದಯದ ಎಕೋ ಇಲ್ಲಿ ಬೇಕಾಗುತ್ತವೆ, ಮತ್ತು ಮೂಲ ಬೇರೆಡೆ ಇರುವುದರಿಂದ ಕಣ್ಣಿನ ಚುಚ್ಚುಮದ್ದಿನ ಜೊತೆಗೆ ನಾಳದ ಮೂಲಕ ಔಷಧವೂ ಅನಿವಾರ್ಯ.

ಬಾರದಂತೆ ನೋಡಿಕೊಳ್ಳುವುದು

ಶಸ್ತ್ರಚಿಕಿತ್ಸೆಗೆ ಮೊದಲು ಕಣ್ಣೀರಿನ ಚೀಲದಲ್ಲಿ ಕೀವಿದೆಯೇ, ರೆಪ್ಪೆಯಂಚಿನಲ್ಲಿ ಸೋಂಕಿದೆಯೇ ಎಂದು ನೋಡಿಸಿ, ಇದ್ದರೆ ಅದನ್ನು ಗುಣಪಡಿಸಿಕೊಂಡೇ ಮುಂದುವರಿಯಬೇಕು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸಿದಾಗ 5 ಪ್ರತಿಶತ ಪೊವಿಡೋನ್ ಅಯೋಡಿನ್ ಹನಿಯನ್ನು ಕಣ್ಣಿಗೆ ಹಾಕಿ ಕೆಲವು ನಿಮಿಷ ಬಿಡುವುದು ಅತ್ಯಂತ ಅಗ್ಗದ, ಅತ್ಯಂತ ನಂಬಲರ್ಹ ಮುನ್ನೆಚ್ಚರಿಕೆ. ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಕಣ್ಣಿನೊಳಗೆ ಸ್ವಲ್ಪ ಆ್ಯಂಟಿಬಯೋಟಿಕ್ ಬಿಡುವ ಪದ್ಧತಿಯೂ ಫಲಕಾರಿ: ಯುರೋಪಿನಲ್ಲಿ 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಸೆಫ್ಯುರಾಕ್ಸಿಮ್‌ನಿಂದ ಸೋಂಕು ಸುಮಾರು ಐದನೇ ಒಂದು ಭಾಗಕ್ಕೆ ಇಳಿದದ್ದನ್ನು ತೋರಿಸಿತು, ತಮಿಳುನಾಡಿನ ಅರವಿಂದ್ ಕಣ್ಣಿನ ಆಸ್ಪತ್ರೆಗಳ 20 ಲಕ್ಷ ಶಸ್ತ್ರಚಿಕಿತ್ಸೆಗಳ ಲೆಕ್ಕದಲ್ಲಿ ಮಾಕ್ಸಿಫ್ಲೋಕ್ಸಾಸಿನ್‌ನಿಂದ ಅದು 0.07 ಪ್ರತಿಶತದಿಂದ 0.02 ಪ್ರತಿಶತಕ್ಕೆ ಇಳಿಯಿತು. ಈ ಔಷಧ ಬಿಡುತ್ತೀರಾ ಎಂದು ಶಸ್ತ್ರಚಿಕಿತ್ಸಕರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಈ ಅಂಕಿಗಳನ್ನು ನೋಡಿ ಪೊರೆಯ ಶಸ್ತ್ರಚಿಕಿತ್ಸೆಗೆ ಹೆದರುವ ಕಾರಣವೂ ಇಲ್ಲ. ಸಾವಿರಕ್ಕೆ ಒಬ್ಬರಿಗೂ ಬಾರದ ತೊಡಕಿದು.

ಮನೆಗೆ ಬಂದ ಮೇಲೆ ಹನಿ ಹಾಕುವವರು ಸೋಪಿನಿಂದ ಕೈ ತೊಳೆದು, ಬಾಟಲಿಯ ತುದಿ ರೆಪ್ಪೆಗೆ ತಾಕದಂತೆ ಹಾಕಬೇಕು. ಒಬ್ಬರ ಬಾಟಲಿಯನ್ನು ಇನ್ನೊಬ್ಬರಿಗೆ ಬಳಸಬಾರದು. ವೈದ್ಯರು ಹೇಳುವವರೆಗೆ ತಲೆಸ್ನಾನ, ಕೆರೆ ಹೊಳೆಗಳಲ್ಲಿ ಮುಳುಗುವುದು, ಕೊಟ್ಟಿಗೆ ಗುಡಿಸುವುದು, ಒಕ್ಕಣೆಯ ಧೂಳಿಗೆ ಹೋಗುವುದು ಬೇಡ. ಶಿಬಿರದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಬಸ್ಸು ಹತ್ತುವ ಮುನ್ನ, ರಾತ್ರಿಯಲ್ಲೂ ಎತ್ತುವ ಫೋನ್ ನಂಬರೊಂದನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ಬರೆಸಿಕೊಳ್ಳಬೇಕು. ಆ ಚೀಟಿಯನ್ನು ಪೆಟ್ಟಿಗೆಯಲ್ಲಿಡದೆ, ದಿನವೂ ನೋಡುವ ಆ ಕ್ಯಾಲೆಂಡರಿನ ಪಕ್ಕದಲ್ಲೇ ಗೋಡೆಗೆ ಅಂಟಿಸಿಡಿ.